ಕನ್ನಡ ಬಲ್ಲ ನಾಯಿ, ಎರಡು ಗಿನಿ

ಕುಣಿಗಲ್ಲಿನಿಂದ ನನ್ನ ಹೆಂಡತಿಯ ತಮ್ಮ ಬಂದಾಗ ಅವನ ಕೈಯಲ್ಲಿ ಬಾಯಿಗೆ ಗೋಣಿ ಕಟ್ಟಿದ ಬಿದಿರು ಬುಟ್ಟಿ ಇತ್ತು. ಅವನು ಅಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ. ಬುಟ್ಟಿಯಲ್ಲಿ ಕೋಳಿ ಇರಬೇಕೆಂದು ಹೆಂಡತಿ ಆಗಲೇ ಮಸಾಲೆಯ ಯೋಚನೆಯಲ್ಲಿದ್ದಳು. ಗೋಣಿ ಬಿಚ್ಚಿದರೆ ಕುದುರೆಗೆ ಹಾಕುವ ಸೊಪ್ಪಿನ ನಡುವೆ ಬಾಲವಿಲ್ಲದ, ದುಂಡನೆಯ ಎರಡು ಪ್ರಾಣಿ. ಒಂದು ಬಿಳಿ, ಇನ್ನೊಂದು ಕಂದು ಮಚ್ಚೆಯದು.

"ಗಿನಿ ಪಿಗ್ ಅಂತಾರೆ ಆಪಾ. ಮಗೂಗೆ ಅಂತ ತಂದೆ," ಅಂದ ಅಕ್ಕನಿಗೆ.

"ಪಿಗ್ಗಾ? ನಮ್ಮನೆಗೆ ಹಂದಿ ತಂದಿದೀಯಾ? ಬಂದ ಬಸ್ಸಿಗೇ ವಾಪಸ್ ಹೊರಡು."

"ಹೆಸರು ಮಾತ್ರ ಹಂಗೆ ಆಪಾ. ಮೊಲದ ಥರ ಸೊಪ್ಪು ತಿನ್ಕೊಂಡು ಇರ್ತವೆ."

"ಪ್ರಾಣಿಗೇ ಬಾಲ ಇಲ್ಲ, ಹೆಸರಿಗ್ಯಾಕೆ ಬಾಲ? ಕತ್ತರ್ಸಿ ಒಳಗೆ ತಾ."

ಹಾಗೆ ಅವು ನಮ್ಮಲ್ಲಿ ಬರೀ ಗಿನಿಗಳಾದವು. ಮನೆಯೊಳಗೆ ನಾವಾಡುವುದು ಉರ್ದು. ಓದುವವರಿಗೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಗಳದಲ್ಲಿ ಸರಪಳಿ ಹಾಕಿದ್ದ ನಮ್ಮ ನಾಯಿ, ಬುಟ್ಟಿ ಗೇಟು ದಾಟಿದಾಗಿನಿಂದ ಕೂತಿರಲಿಲ್ಲ. ಕಿವಿ ನಿಮಿರಿಸಿ ಒಂದೇ ಸಮನೆ ಕುಂಯ್‌ಗುಟ್ಟುತ್ತಿತ್ತು.

ಈ ನಾಯಿ ಹುಟ್ಟಿನಿಂದ ಮನೆಯದಲ್ಲ, ನನ್ನ ಕೆಲಸದ ಜಾಗದ್ದು. ನಾನು ಗುಬ್ಬಿಯವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿನ ಕುಲುಮೆಯಲ್ಲಿ ತಿದಿ ಒತ್ತಿದೆ, ಎಪ್ಪತ್ತರ ದಶಕದಲ್ಲಿ ತುಮಕೂರಿಗೆ ಬಂದು ವೆಲ್ಡಿಂಗ್ ಕಲಿತೆ. ಆಮೇಲೆ ಊರಂಚಿನ ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುತ್ತಿದ್ದೆ. ಮರಳೂರಿನ ಸಣ್ಣ ಮನೆ ನನ್ನ ದುಡಿಮೆಯಿಂದ ಎದ್ದದ್ದು. ಅದರ ಗೇಟಿನ ಒಂದೊಂದು ಬೆಸುಗೆಯೂ ನನ್ನದು. ನಾಯಿ ಮರಿಯಾಗಿದ್ದಾಗ ಎಲ್ಲಿಂದಲೋ ಶೆಡ್ಡಿಗೆ ಬಂದು ಕಬ್ಬಿಣದ ನಡುವೆಯೇ ಬೆಳೆಯಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಶೆಡ್ಡಿಗೆ ಹೊಸ ಮಾಲೀಕರು ಬಂದರು, ನಾಯಿ ಬೇಡ ಅಂದರು. ಸೈಕಲ್ಲಿನ ಪಕ್ಕ ಓಡಿಸಿಕೊಂಡು ಮನೆಗೆ ತಂದೆ. ಹೆಂಡತಿ ಹಾಕಿದ ಕರಾರು ಒಂದೇ: ನಮಾಜು ಮಾಡುವ ಮನೆ, ನಾಯಿ ಹೊಸ್ತಿಲು ದಾಟಬಾರದು. ನಾಯಿ ದಾಟಲಿಲ್ಲ. ಈಗ ಗಿನಿಗಳು ವರಾಂಡದಲ್ಲಿ, ನಾಯಿ ಅಂಗಳದಲ್ಲಿ. ನಡುವೆ ಎರಡು ಮೆಟ್ಟಿಲು ಮಾತ್ರ.

ಶೆಡ್ಡಿನಲ್ಲಿ ಉಳಿದಿದ್ದ ಗ್ರಿಲ್ಲಿನ ತುಂಡುಗಳನ್ನು ಕೂಡಿಸಿ ಗೂಡು ಮಾಡಿದೆ. ಆನೆ ತುಳಿದರೂ ಬಗ್ಗದಂಥದ್ದು. ಆದರೆ ಗ್ರಿಲ್ ಕೆಲಸದವನ ಕಣ್ಣು ಕಳ್ಳನಿಗೆ ಪಳಗಿದ್ದು. ಕಳ್ಳನ ತಲೆ ತೂರಬಾರದು. ತಲೆ ತೂರದಿದ್ದರೆ ಮೈಯೂ ತೂರುವುದಿಲ್ಲ. ಕೈ ಬಂದರೆ ಬರಲಿ ಅಂದುಕೊಳ್ಳುತ್ತೇವೆ. ಅದೇ ರೂಢಿಯಲ್ಲಿ ಗಿನಿಗಳ ತಲೆ ನೋಡಿ ಸಂದು ಬಿಟ್ಟಿದ್ದೆ. ನಾಯಿಯ ಕಾಲು ನೋಡಿರಲಿಲ್ಲ.

ಮಾರನೆಯ ದಿನ ಸರಪಳಿ ಬಿಚ್ಚಿದ್ದೇ ತಡ, ನಾಯಿ ಮೆಟ್ಟಿಲು ಹಾರಿ ಸಂದಿನೊಳಗೆ ಮುಂಗಾಲು ತೂರಿಸಿ ಬಿಳಿ ಗಿನಿಯನ್ನು ಬಾಚಿ ಎಳೆಯಿತು. ಮಗಳು ಕಿರುಚಿದಳು. ನಾನು ಓಡಿ ಕೊರಳಪಟ್ಟಿ ಹಿಡಿಯುವಷ್ಟರಲ್ಲಿ ಬಿಳಿ ಕೂದಲಿನ ಗುಪ್ಪೆಯೊಂದು ನೆಲದ ಮೇಲಿತ್ತು. ಗಾಯ ಆಳವಿರಲಿಲ್ಲ. ಆದರೆ ಗಿನಿಗಳೆರಡೂ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತವು, ಆ ದಿನವೆಲ್ಲ ಸೊಪ್ಪು ಮುಟ್ಟಲಿಲ್ಲ.

"ನೋಡಿ, ಇನ್ನೊಂದು ಸಲ ಹಿಂಗಾದ್ರೆ ನಾಯಿ ಗೇಟಿನಿಂದ ಆಚೆ," ಅಂದಳು ಹೆಂಡತಿ. "ಮಗು ಕಣ್ಣೆದುರಿಗೆ ಒಂದು ಜೀವ ಹೋಗೋದು ನಂಗೆ ಬೇಡ."

"ಆಚೆ ಅಂದ್ರೆ ಎಲ್ಲಿಗೆ?"

"ಎಲ್ಲಿಂದ ತಂದ್ರೋ ಅಲ್ಲಿಗೆ."

ಅಲ್ಲಿ ಅದಕ್ಕೆ ಜಾಗವಿಲ್ಲವೆಂದು ಅವಳಿಗೂ ಗೊತ್ತಿತ್ತು. ಹೋದರೆ ರಸ್ತೆ, ರಸ್ತೆಯ ತುಂಬ ಲಾರಿ.

"ಎರಡೂ ಇಲ್ಲೇ ಇರ್ತವೆ," ಅಂದೆ. "ಕಬ್ಬಿಣ ಬಗ್ಗಿಸೋನು ನಾನು. ಒಂದು ನಾಯಿ ಬಗ್ಗಿಸಕ್ಕಾಗಲ್ವಾ?"

"ಕಬ್ಬಿಣಕ್ಕೆ ಬಾಯಲ್ಲಿ ನೀರು ಬರಲ್ಲ ಕಣ್ರೀ."

ಗೂಡನ್ನು ಬಿಚ್ಚಿ ಹೊಸದಾಗಿ ಮಾಡಿದೆ. ಬೆರಳು ತೂರದಂಥ ಸಣ್ಣ ಕಣ್ಣಿನ ಜಾಲರಿ. ನಾಯಿಗೂ ಗಿನಿಗಳಿಗೂ ಸದಾ ಮುಖಾಮುಖಿ ಆಗಬಾರದೆಂದು ಕೆಳಭಾಗಕ್ಕೆ ಸುತ್ತಲೂ ತಗಡು. ಹೆದರಿದಾಗ ನುಗ್ಗಿಕೊಳ್ಳಲು ಒಳಗೊಂದು ಮರದ ಡಬ್ಬ. ಇಡೀ ಗೂಡನ್ನು ಎದೆಯೆತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ, ಅಲ್ಲಾಡದಂತೆ ಗೋಡೆಗೆ ಬೋಲ್ಟು ಹಾಕಿದೆ. ಈ ಸಲ ನಾಯಿಯ ಪಂಜವನ್ನು ಕೈಯಲ್ಲಿ ಹಿಡಿದು ಜಾಲರಿಗೆ ಒತ್ತಿ ನೋಡಿಯೇ ಬೆಸುಗೆ ಹಾಕಿದ್ದು.

ಗೂಡು ಸರಿಹೋಯಿತು, ನಾಯಿ ಸರಿಹೋಗಲಿಲ್ಲ. ಸ್ಟ್ಯಾಂಡಿನ ಕೆಳಗೆ ಕೂತು ಜೊಲ್ಲು ಸುರಿಸಿಕೊಂಡು ಮೇಲೆ ನೋಡುತ್ತಿತ್ತು. ಗಿನಿಗಳು ಡಬ್ಬ ಬಿಟ್ಟು ಬರುತ್ತಿರಲಿಲ್ಲ. ಗದರಿಸಿದೆ, ಹಗ್ಗ ಹಿಡಿದು ಎಳೆದೆ. ಕೈ ಎತ್ತಲಿಲ್ಲ, ಹೊಡೆದರೆ ಹೊಡೆತದ ಸಿಟ್ಟನ್ನು ಗಿನಿಗಳ ಮೇಲೆ ತೀರಿಸೀತು ಅನ್ನಿಸಿತು.

ದಾರಿ ತೋರಿಸಿದ್ದು ನನ್ನ ಕಸುಬೇ. ಶೆಡ್ಡಿನಲ್ಲಿ ಕಾದ ಕಬ್ಬಿಣ ಎತ್ತಿಕೊಂಡು ಹೋಗುವಾಗ "ಬಿಸಿ! ಬಿಸಿ!" ಎಂದು ಕೂಗುತ್ತೇವೆ. ಕೆಂಪು ಆರಿದ ಮೇಲೆ ಕಾದದ್ದೂ ತಣ್ಣಗಿರುವುದೂ ನೋಡಲು ಒಂದೇ. ಕೂಗದಿದ್ದರೆ ಯಾರಾದರೂ ಕೈ ಇಟ್ಟೇ ಇಡುತ್ತಾರೆ. ನಾಯಿ ಮರಿಯಾಗಿದ್ದಾಗ ಅಂಥದೊಂದು ತುಂಡಿಗೆ ಮೂಗಿಟ್ಟು ಸುಟ್ಟುಕೊಂಡಿತ್ತು. ಅಂದಿನಿಂದ ಆ ಕೂಗು ಕೇಳಿದರೆ ಏನಿದ್ದರೂ ಬಿಟ್ಟು ಹಿಂದೆ ಸರಿದು ಕೂರುತ್ತಿತ್ತು.

ಒಂದು ಸಂಜೆ ನಾಯಿಗೆ ಗಿಡ್ಡ ಹಗ್ಗ ಹಾಕಿ ಗೂಡಿನ ಹತ್ತಿರ ನಡೆಸಿ, ಅದು ಮೂಗೆತ್ತಿದ ಕೂಡಲೆ "ಬಿಸಿ!" ಅಂದೆ. ಅದು ಬೆಚ್ಚಿ ಗೂಡನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ಹಿಂದೆ ಸರಿದು ಕೂತಿತು. ರೊಟ್ಟಿ ಚೂರು ಕೊಟ್ಟೆ. ದಿನವೂ ಕೆಲಸದಿಂದ ಬಂದು ಕೈಕಾಲು ತೊಳೆಯುವ ಮೊದಲು ಇದೇ ಪಾಠ. ಮೈ ಎಷ್ಟೇ ಸೋತಿರಲಿ, ಬಿಡಲಿಲ್ಲ. ಕ್ರಮೇಣ ಗಿನಿಗಳು ಡಬ್ಬದಿಂದ ಮೂಗು ಹೊರಹಾಕಿದವು, ಆಮೇಲೆ ನಾಯಿ ಅಂಗಳದಲ್ಲಿರುವಾಗಲೇ ಸೊಪ್ಪು ಮೆಲ್ಲತೊಡಗಿದವು.

ಆದರೆ ನಾನು ಕೆಲಸಕ್ಕೆ ಹೋದ ಮೇಲೆ ಹಳೆಯ ಕಥೆಯೇ. ಹೆಂಡತಿ "ನಕ್ಕೋ, ನಕ್ಕೋ" ಅನ್ನುತ್ತಿದ್ದಳು. ನಮ್ಮ ಮಾತಿನಲ್ಲಿ ಬೇಡ ಅಂತ. ನಾಯಿ ಬಾಲ ಆಡಿಸುತ್ತಿತ್ತು.

"ಅಬ್ಬಾ, ಇದಕ್ಕೆ ನಮ್ಮ ಮಾತೇ ಬರಲ್ಲ," ಅಂದಳು ಮಗಳು ನನಗೆ. "ಇದು ಕನ್ನಡದ ನಾಯಿ."

ಹೌದಲ್ಲ! ಶೆಡ್ಡಿನಲ್ಲಿ ಎಲ್ಲರೂ ಆಡುತ್ತಿದ್ದದ್ದು ಕನ್ನಡ. ನಾನೂ ಅಭ್ಯಾಸಬಲದಿಂದ ಅದರ ಜೊತೆ ಕನ್ನಡದಲ್ಲೇ ಆಡುತ್ತಿದ್ದೆ. ಹಾಗಾದರೆ ಎಲ್ಲರೂ ಅದೇ ಕೂಗು ಕೂಗಬೇಕು ಅಂದೆ.

"ನಾಯಿಗೋಸ್ಕರ ನನ್ನ ಮನೇಲಿ ನಾನು ಕನ್ನಡ ಆಡ್ಬೇಕಾ?" ಅಂದಳು ಹೆಂಡತಿ.

"ನಾಯಿ ಉರ್ದು ಕಲಿಯೋ ತನಕ."

ಅವಳಿಗೆ ಕನ್ನಡ ಬರುತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಂಗಡಿಯವರ ಜೊತೆ, ಮಗಳ ಸ್ಕೂಲಿನ ಮೇಡಮ್ಮಿನ ಜೊತೆ ಆಡುವ ಮರ್ಯಾದೆಯ ಕನ್ನಡ. ಸೆರಗು ಸರಿಮಾಡಿಕೊಂಡು ನಾಯಿಯ ಎದುರು ನಿಂತು, "ಬಿಸಿ ಇದೆ, ಸ್ವಲ್ಪ ಆ ಕಡೆ ಹೋಗಿ," ಅಂದಳು. ನಾನೂ ಮಗಳೂ ಬಿದ್ದು ಬಿದ್ದು ನಕ್ಕೆವು. ನಾಯಿ ಕಿವಿ ಕೆರೆದುಕೊಂಡಿತು.

"ಕೂಗಬೇಕು ಕಣೇ. ಎದುರಿಗಿರೋನು ಸುಟ್ಕೋತಾನೆ ಅನ್ನೋ ಥರ."

"ನಂಗೆ ಬರಲ್ಲ. ನಿಮ್ಮ ಶೆಡ್ಡಲ್ಲ ಇದು," ಅಂದು ಒಳಗೆ ಹೋದಳು. ನಾಯಿಯನ್ನು ಆಚೆ ಹಾಕುವ ಮಾತು ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ಊಟಕ್ಕೆಂದು ಸೈಕಲ್ಲಿನಲ್ಲಿ ಬಂದೆ. ಗೇಟಿಗೆ ಒಳಗಿನಿಂದ ಚಿಲಕ. ಸರಳಿನ ಸಂದಿನಿಂದ ನೋಡಿದರೆ, ಮಗಳು ವರಾಂಡದಲ್ಲಿ ಗೂಡು ತೊಳೆಯುತ್ತಿದ್ದಾಳೆ, ಗಿನಿಗಳನ್ನು ಪಕ್ಕದ ಬುಟ್ಟಿಯಲ್ಲಿಟ್ಟಿದ್ದಾಳೆ. ಬಿಳಿಯದು ಬುಟ್ಟಿಯಿಂದ ಹೊರಬಿದ್ದು ಮೆಟ್ಟಿಲಿನಿಂದ ಅಂಗಳಕ್ಕೆ ಉರುಳಿತು. ನಾಯಿ ಒಮ್ಮೆಲೇ ನೆಗೆಯಿತು. ಸಂತೆಯಿಂದ ತಂದಿದ್ದ ಸರಪಳಿ, ಅದರ ಕೊಂಡಿ ಬಾಯಿಬಿಟ್ಟಿತು.

ನಾನು ಗೇಟು ಅಲ್ಲಾಡಿಸಿದೆ. ನಾನೇ ಮಾಡಿದ ಗೇಟು. ಕೈ ತೂರುತ್ತಿತ್ತು, ಚಿಲಕಕ್ಕೆ ಎಟುಕುತ್ತಿರಲಿಲ್ಲ. ಸದ್ದಿಗೆ ಹೆಂಡತಿ ಹಿಟ್ಟಿನ ಕೈಯಲ್ಲಿ ಹೊಸ್ತಿಲಿಗೆ ಬಂದಳು.

"ನಕ್ಕೋ ರೇ! ನಕ್ಕೋ!"

ನಾಯಿಯ ಬಾಯಿ ಗಿನಿಯ ಬೆನ್ನಿನ ಹತ್ತಿರವಿತ್ತು. ನಾನು ಬಾಯಿ ತೆರೆಯುವ ಮೊದಲೇ ಬೀದಿಯೆಲ್ಲ ಕೇಳುವಂತೆ ಅವಳು ಕೂಗಿದಳು:

"ಬಿಸೀ!"

ನಾಯಿ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಬಾಯಿ ಮುಚ್ಚಿತು. ಗಿನಿಯಿಂದ ಕಣ್ಣು ಕೀಳದೆ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಕೂತುಕೊಂಡಿತು. ಮಗಳು ಗಿನಿಯನ್ನು ಲಂಗದಲ್ಲಿ ಬಾಚಿಕೊಂಡು ಒಳಗೆ ಓಡಿದಳು.

ಹೆಂಡತಿ ಚಿಲಕ ತೆಗೆದಳು. ಚಿಲಕದ ಮೇಲೆಲ್ಲ ಹಿಟ್ಟು. ಒಳಗೆ ಹೋದವಳು ಒಲೆಯ ಮೇಲಿನ ಮೊದಲ ರೊಟ್ಟಿಯನ್ನು ತಂದು ನಾಯಿಯ ಮುಂದೆ ಇಟ್ಟು, "ತಿನ್ನು ಕಣೋ," ಅಂದಳು, ಕನ್ನಡದಲ್ಲಿ. ಗೇಟಿನಿಂದ ಆಚೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ಆ ಸರಪಳಿಯನ್ನು ಬಿಸಾಕಿ ಕೊಂಡಿಯನ್ನು ನಾನೇ ಕಾಯಿಸಿ ಬಗ್ಗಿಸಿದೆ. ಗೂಡು ತೊಳೆಯುವ ಹೊತ್ತಿಗೆ ನಾಯಿ ಹಿತ್ತಲಿನಲ್ಲಿರಬೇಕು, ನಡುವಿನ ಬಾಗಿಲು ಹಾಕಿರಬೇಕು ಅಂತ ಕಟ್ಟಳೆ ಮಾಡಿದೆ. ನಾಯಿ ಎಷ್ಟೇ ಕಲಿತರೂ ಅದನ್ನೂ ಗಿನಿಗಳನ್ನೂ ಒಟ್ಟಿಗೆ ಬಿಟ್ಟು ಮನೆಯವರು ಯಾರೂ ಪಕ್ಕಕ್ಕೆ ಹೋಗುತ್ತಿರಲಿಲ್ಲ. ಮೂರೂ ನಮ್ಮ ಮನೆಯಲ್ಲೇ ಮುದಿಯಾದವು.

ಇದಾದ ಮೇಲೆ ಮೊದಲ ಸಲ ಕುಣಿಗಲ್ಲಿನಿಂದ ಬಂದ ಭಾಮೈದನಿಗೆ ನಾಯಿ ದಾರಿ ಬಿಡಲಿಲ್ಲ. ಅವನು ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದು ಗೇಟಿನಲ್ಲೇ ನಿಂತು ಉರ್ದುವಿನಲ್ಲಿ ಗದರಿಸುತ್ತಿದ್ದ.

ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ಅದಕ್ಕೆ ಕನ್ನಡದಲ್ಲಿ ಹೇಳೋ!"