ಫಟಫಟಿಗೆ ಹೊಲಿದ ಹಸಿಬೆ ಚೀಲ

ಬಾಳೂ, ಅಕ್ಕವ್ವಾ, ತಂಗೆವ್ವಾ,

ಮೊನ್ನೆ ನೀವು ಮೂವರೂ ಪಡಸಾಲೆಯಲ್ಲಿ ಕುಳಿತು ದೊಡ್ಡ ವಾದ ಮಾಡುತ್ತಿದ್ದಿರಿ. ಬಾಳೂ ತನ್ನ ಮೋಟಾರ್ ಸೈಕಲ್ ಮೇಲೆ ದೂರದ ಊರುಗಳಿಗೆ ಹೋಗುವವನು, ಅದಕ್ಕೆ ಯಾವ ಚೀಲ ಕೊಳ್ಳಬೇಕು, ಪೆಟ್ಟಿಗೆ ಒಳ್ಳೆಯದೋ ಚರ್ಮದ್ದು ಒಳ್ಳೆಯದೋ ಎಂಬುದೇ ವಾದ. ನಾನು ಒಳಗಿನ ಕೋಣೆಯಲ್ಲಿ ಶೇಂಗಾ ಸುಲಿಯುತ್ತ ಎಲ್ಲ ಕೇಳಿಸಿಕೊಂಡೆ. ಹೊರಗೆ ಬಂದು ಹೇಳಬೇಕೆನಿಸಿತು. ಆದರೆ ಬಾಳೂನ ಗೆಳೆಯರೂ ಕುಳಿತಿದ್ದರು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತವರೂರು ನೂಲದ ಶಾಲೆಯಲ್ಲಿ ಮರಾಠಿ ಕಲಿತೆ, ಬಸದಿಯಲ್ಲಿ ಕೂಡಿಸಿ ಓದಿಸುತ್ತಿದ್ದುದರಿಂದ ಕನ್ನಡ ಬಂತು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಿಮ್ಮ ಅಜ್ಜನವರ ಬಳಿ ಒಂದು ಫಟಫಟಿ ಇತ್ತೆಂದು ನೀವು ಕೇಳಿದ್ದೀರಿ. ಆಗ ಮೋಟಾರ್ ಸೈಕಲ್‌ಗೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಅದು ಮನೆಗೆ ಏಕೆ ಬಂತು ಎಂಬುದನ್ನು ಯಾರೂ ನಿಮಗೆ ಹೇಳಿರಲಾರರು.

ಇಚಲಕರಂಜಿಯಲ್ಲಿ ನಮ್ಮ ಮಾವನವರ ಮಗ್ಗಗಳಿದ್ದವು, ಮುಂದೆ ಅಂಗಡಿ. ಊರೂರಿಗೆ ನಮೂನೆಯ ಸೀರೆಗಳನ್ನು ಒಯ್ದು ಅಂಗಡಿಕಾರರಿಗೆ ತೋರಿಸಿ, ಯಾವುದು ಎಷ್ಟು ಬೇಕು ಎಂದು ಕೇಳಿಕೊಂಡು ಬರುವ ಕೆಲಸ ನಿಮ್ಮ ಅಜ್ಜನದು. ಮಾಲು ಆಮೇಲೆ ಗಾಡಿಯಲ್ಲಿ ಹೋಗುತ್ತಿತ್ತು. ಕೊಲ್ಹಾಪುರ, ಕಾಗಲ, ನಿಪ್ಪಾಣಿ, ಗಡಹಿಂಗ್ಲಜ, ಆಜರಾ, ಅಲ್ಲಿಂದ ಘಟ್ಟ ಇಳಿದು ಸಾವಂತವಾಡಿ. ಆಗ ಸರ್ವಿಸ್ ಮೋಟಾರು, ಅಂದರೆ ಈಗಿನ ಬಸ್ಸು, ತನಗೆ ಮನಸ್ಸು ಬಂದಾಗ ಹೊರಡುತ್ತಿತ್ತು, ದಾರಿಯಲ್ಲಿ ಕೆಡುತ್ತಿತ್ತು. ನಿಮ್ಮ ಅಜ್ಜ ಸೂರ್ಯ ಮುಳುಗಿದ ಮೇಲೆ ಒಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಜೈನರಲ್ಲಿ ಅದು ಎಲ್ಲರಿಗೂ ಇದ್ದ ನೇಮವೇ. ಆದರೆ ಮೋಟಾರು ಊರು ಮುಟ್ಟುವ ಹೊತ್ತಿಗೆ ದೀಪ ಹಚ್ಚಿರುತ್ತಿದ್ದರು. ಕಟ್ಟಿಕೊಟ್ಟ ಬುತ್ತಿ ಗಂಟಿನಲ್ಲೇ ಒಣಗಿ ಮನೆಗೆ ಬರುತ್ತಿತ್ತು. ಹೀಗೆ ಹಸಿದು ಹಸಿದು ಅವರಿಗೆ ಹೊಟ್ಟೆಯಲ್ಲಿ ಉರಿಯ ಬೇನೆ ಹಿಡಿಯಿತು. ಅಂಗಿ ಹೆಗಲ ಮೇಲೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು.

ಕೊಲ್ಹಾಪುರದಲ್ಲಿ ಒಬ್ಬ ಅಧಿಕಾರಿ ವರ್ಗವಾಗಿ ಹೋಗುವಾಗ ತನ್ನ ಫಟಫಟಿ ಮಾರಿದ. ನಿಮ್ಮ ಅಜ್ಜ ಮಾವನವರನ್ನು ಬೇಡಿ ಕಾಡಿ ಅದನ್ನು ತಂದರು. ಅವರು ಹೇಳಿದ್ದು ಒಂದೇ ಮಾತು: "ಹೊತ್ತ ಮುಳಗೂದ್ರೊಳಗ ಎಲ್ಲಿ ಬೇಕಾದ್ರೂ ನಿಲ್ಲಸತೇನಿ ಅಪ್ಪಾ. ಬಾವಿ ಕಂಡಲ್ಲಿ ಕುಂತ ಉಣತೇನಿ." ಅತ್ತೆ ಬೇಗ ಒಪ್ಪಿದರು. ಮಾವ ಒಪ್ಪಿದ್ದು ಅರ್ಧ.

ಮೊದಲ ಸುತ್ತಿಗೆ ಸೀರೆಗಳನ್ನು ಧೋತರದಲ್ಲಿ ಗಂಟು ಕಟ್ಟಿ ಹಿಂದೆ ಹಗ್ಗದಿಂದ ಬಿಗಿದರು. ಬಂದು ಬಿಚ್ಚಿದರೆ ಅಂಚಿಗೆ ಚೈನಿನ ಎಣ್ಣೆ, ಮಡಿಕೆಯೊಳಗೆಲ್ಲ ಕೆಂಪು ಧೂಳು. ಮಾವ ಒಂದು ಸೀರೆ ಹಿಡಿದೆತ್ತಿ ಕೇಳಿದರು: "ಇದನ್ನ ಮಾರಾಕ ಒಯ್ದಿದ್ಯೋ, ಗಾಡಿ ಒರಸಾಕ ಒಯ್ದಿದ್ಯೋ?"

ಆಮೇಲೆ ತಗಡಿನ ಟ್ರಂಕು ಬಂತು. ಅದರೊಳಗೆ ಧೂಳು ಹೋಗಲಿಲ್ಲ, ನಿಜ. ಆದರೆ ಎತ್ತರಕ್ಕೆ ಕಟ್ಟಿದ ಭಾರ ಗಾಡಿಯನ್ನು ಆಚೀಚೆ ತೂಗಿಸುತ್ತಿತ್ತು. ಗಡಹಿಂಗ್ಲಜದ ಈಚೆ ಒಂದು ತಗ್ಗಿನಲ್ಲಿ ಹಗ್ಗ ಹರಿದು ಟ್ರಂಕು ಹಾರಿ ಕಬ್ಬಿನ ಗದ್ದೆಗೆ ಬಿತ್ತು. ಅಂದೇ ನೀರು ಹಾಯಿಸಿದ ಗದ್ದೆ. ಬಾಯಿ ತೆರೆದ ಟ್ರಂಕಿನಿಂದ ಸೀರೆಗಳು ಕೆಸರಿಗೆ ಚೆಲ್ಲಿದವು. ಗದ್ದೆಯವನು ಬಂದು, "ಯಾರದ್ರೀ ಲಗ್ನಾ?" ಎಂದು ಕೇಳಿದನಂತೆ. ನಿಮ್ಮ ಅಜ್ಜ ಅದನ್ನು ನಗುತ್ತ ಹೇಳಿದರು. ಮಾವ ನಗಲಿಲ್ಲ.

"ದೀಪಾವಳಿ ಸುತ್ತ ಹತ್ರ ಬಂತು. ವರ್ಷದ ಯಾಪಾರ ಎಲ್ಲಾ ಆ ಸುತ್ತಿನಾಗ ಐತಿ," ಎಂದರು. "ಈ ಸಲ ಒಂದ ಸೀರಿಗೆ ಕಲಿ ಬಿದ್ದಿತಂದ್ರ ಫಟಫಟಿ ಮಾರೂದು. ಮತ್ತ ಸರ್ವಿಸ್ ಮೋಟಾರ ಹತ್ತು. ಆತಿಲ್ಲ?"

"ಹೌದ್ರಿ ಅಪ್ಪಾ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಫಟಫಟಿ ಬಂದ ಮೇಲೆ ಅವರ ಬುತ್ತಿಯ ಬಟ್ಟೆ ಬರಿದಾಗಿ ಮನೆಗೆ ಬರುತ್ತಿತ್ತು. ಅದನ್ನು ಒಗೆಯುತ್ತಿದ್ದವಳು ನಾನು, ಆದ್ದರಿಂದ ನನಗೆ ಗೊತ್ತಿತ್ತು. ಮತ್ತೆ ಒಣ ರೊಟ್ಟಿ ತಿರುಗಿ ಬರುವುದು ನನಗೆ ಬೇಡವಾಗಿತ್ತು.

ಮರುವಾರ ನಿಮ್ಮ ಅಜ್ಜ ಕೊಲ್ಹಾಪುರದಿಂದ ಚರ್ಮದ ಚೀಲ ಮಾಡಿಸಿಕೊಂಡು ಬಂದರು. ಎರಡು ದೊಡ್ಡವು, ಒಂದು ಸಣ್ಣದು. ದಪ್ಪ ಚರ್ಮ, ಒಳ್ಳೆಯ ಹೊಲಿಗೆ, ಹಿತ್ತಾಳೆಯ ಬಕ್ಕಲು. ನೋಡಲು ಬಹಳ ಚೆನ್ನಾಗಿದ್ದವು. ಬರುವಾಗ ಒಂದರೊಳಗೆ ಕೊಲ್ಹಾಪುರದ ಹೊಸ ಅಂಚಿನ ಒಂದು ಸೀರೆಯನ್ನೂ ಹಾಕಿಕೊಂಡು ಬಂದಿದ್ದರು. ಅತ್ತೆ ಹೊಸ್ತಿಲಿನ ಮೇಲೇ ನಿಂತು ಕೈ ಅಡ್ಡ ಹಿಡಿದರು.

"ಅಲ್ಲೇ ಇರ್ಲಿ. ಇದರಾಗ ಬುತ್ತಿ ಕಟ್ಟಾಂಗಿಲ್ಲ ನಾ."

"ಅವ್ವಾ, ಕಾಲಾಗ ಚಪ್ಪಲ ಹಾಕ್ಕೊಳ್ಳಾಂಗಿಲ್ಲೇನು ನಾವು?"

"ಹಾಕ್ಕೊತೀವಿ. ಚಪ್ಪಲದಾಗ ರೊಟ್ಟಿ ಇಟಗೊಂಡ ತಿಂತಿಯೇನು?"

ಅವರು ಸೀರೆಯನ್ನು ಹೊರಗೆ ತೆಗೆಸಿ ಮೂಗಿಗೆ ಹಿಡಿದರು. ನನಗೂ ಕೊಟ್ಟರು. ಹಸಿ ಚರ್ಮದ ನಾತ ನೂಲಿನೊಳಗೇ ಇಳಿದಿತ್ತು. ನೀಲಿ ಅಂಚಿನ ಅಷ್ಟು ಚೆಂದದ ಸೀರೆ. ಬಿಸಿಲಿಗೆ ಹಾಕಿದರೂ ಹೋಗಲಿಲ್ಲ. ಚೀಲಗಳು ದನದ ಕೊಟ್ಟಿಗೆಯ ಗೂಟಕ್ಕೆ ಹೋದವು.

ಅಂದು ಅಡಿಗೆ ಮನೆಯಲ್ಲಿ ಅತ್ತೆಯ ಜೊತೆ ನಾನು ಬಾಯಿ ಬಿಟ್ಟೆ. ಅವರೊಬ್ಬರೇ ಇದ್ದರೆ ನಾನು ಮಾತಾಡುತ್ತಿದ್ದೆ. ನೂಲದಲ್ಲಿ ನಮ್ಮ ಅಜ್ಜ ಕುದುರೆಯ ಮೇಲೆ ಸಂತೆಗೆ ಹೋಗುವಾಗ ಹಸಿಬೆ ಹಾಕುತ್ತಿದ್ದ. ಉದ್ದನ್ನ ಚೀಲ, ಎರಡೂ ತುದಿಗೆ ಹೊಟ್ಟೆ, ಬಾಯಿ ಮಾತ್ರ ನಡುವೆ. ಕುದುರೆಯ ಬೆನ್ನಿನ ಮೇಲೆ ಹಾಸಿದರೆ ಅರ್ಧ ಈ ಕಡೆ, ಅರ್ಧ ಆ ಕಡೆ ಇಳಿಬೀಳುತ್ತದೆ. ಬಾಯಿಯ ಮೇಲೆ ಸವಾರನೇ ಕೂರುವುದರಿಂದ ಬಿಚ್ಚುವವರಿಲ್ಲ. ಭಾರ ಕೆಳಗೆ ಇರುತ್ತದೆ, ತೂಗಾಡುವುದಿಲ್ಲ.

ಅತ್ತೆ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಹೋಗಿ, ನನಗೆ ಕೇಳುವಂತೆ ಹೇಳಿದರು: "ಏ, ನಿನ್ನ ಹೆಣತಿ ಹೇಳಾಕತ್ತಾಳ, ಕುದುರಿಗೆ ಹಾಕೂ ಹಸಬಿ ಹೊಲದ ಕೊಡತಾಳಂತ. ಫಟಫಟಿಗೆ ಒಂದ ಲಗಾಮೂ ಹಾಕಸು."

"ಹೊಲೀಲಿ ಹೊಲೀಲಿ," ಎಂದರು ನಿಮ್ಮ ಅಜ್ಜ. "ಹುಲ್ಲ ತಿನಸೂದೊಂದ ಬ್ಯಾಡ."

ಕೊಲ್ಹಾಪುರದ ಪೇಟೆಯಿಂದ ಡೇರೆಯ ಬಟ್ಟೆ ತರಿಸಿದೆವು. ಒಳಗೆ ನನ್ನ ಹಳೆಯ ಸೀರೆಯ ಅಸ್ತರ. ದಬ್ಬಣದಿಂದ ಅತ್ತೆ ಒಂದು ತುದಿ, ನಾನು ಒಂದು ತುದಿ ಹೊಲಿದೆವು. ಮಳೆಗೆಂದು ಹೊರಗಿನ ಬಟ್ಟೆಗೆ ಜೇನುಮೇಣ ತಿಕ್ಕಬೇಕೆಂದಿದ್ದೆ. ಜೇನು ಮುಟ್ಟದ ಜೈನರ ಮನೆಯಲ್ಲಿ ಅದೂ ಬೇಡವಾಯಿತು. ಅಗಸೆ ಎಣ್ಣೆ ಹಚ್ಚಿ ಬಿಸಿಲಿಗೆ ಒಣಗಿಸಿದೆವು. ಫಟಫಟಿಯಲ್ಲಿ ಕೂರುವ ಜಾಗದ ಹಿಂದೆ ಕಬ್ಬಿಣದ ಕ್ಯಾರಿಯರ್ ಇತ್ತು. ಹಸಿಬೆಯನ್ನು ಅದರ ಮೇಲೆ ಹಾಸಿ, ಬಾಯಿಯ ಮೇಲೆ ಅವರ ಹಾಸಿಗೆಯ ಸುರುಳಿ ಕಟ್ಟಿದರೆ ಬಾಯಿ ಗಟ್ಟಿ ಮುಚ್ಚುತ್ತಿತ್ತು. ನೂಲದ ನಮ್ಮ ಅಜ್ಜನ ಕುದುರೆಗೆ ತುಂಬುವಂತೆಯೇ ಎರಡೂ ಹೊಟ್ಟೆ ಕೈಯಲ್ಲಿ ತೂಗಿ ನೋಡಿ ಸರಿಸಮ ತುಂಬಿದೆವು.

ಸುತ್ತಿಗೆ ಮೊದಲು ಒಂದು ಸಲ ಪರೀಕ್ಷೆ ಮಾಡೋಣವೆಂದು ನಿಮ್ಮ ಅಜ್ಜ ಸೀರೆಯ ಬದಲು ತಮ್ಮ ಹಳೆಯ ಧೋತರಗಳನ್ನೂ ಬುತ್ತಿಯನ್ನೂ ಹಾಕಿಕೊಂಡು ಗಡಹಿಂಗ್ಲಜಕ್ಕೆ ಹೋಗಿಬಂದರು. ಗಾಡಿ ಒಂದಿಷ್ಟೂ ತೂಗಾಡಲಿಲ್ಲವಂತೆ. ಎಡಗಡೆಯ ಧೋತರಗಳಿಗೆ ಧೂಳಿನ ಸುಳಿವೂ ಇರಲಿಲ್ಲ. ಬಲಗಡೆ ಕೈ ಹಾಕಿದರೆ ಕೈ ಈಚೆ ಬಂತು. ಬಟ್ಟೆ ಕರಿಕಾಗಿ ತೂತು ಬಿದ್ದಿತ್ತು, ಒಳಗಿನ ಧೋತರವೂ ಸುಟ್ಟಿತ್ತು. ಹೊಗೆಯ ನಳಿಕೆ ಆ ಕಡೆಗೆ ಇತ್ತು. ದಿನಾ ಎದುರಿಗೆ ನಿಂತಿದ್ದ ಗಾಡಿ. ಆದರೂ ಕುದುರೆಯ ಲೆಕ್ಕದಲ್ಲೇ ಹೊಲಿದವರಿಗೂ ತುಂಬಿದವರಿಗೂ ಒಬ್ಬರಿಗೂ ಅದು ಹೊಳೆದಿರಲಿಲ್ಲ.

"ನಿಮ್ಮಜ್ಜನ ಕುದುರಿ ಹೊಟ್ಟ್ಯಾಗ ಬೆಂಕಿ ಇರಲಿಲ್ಲ ಕಾಣತೈತಿ," ಎಂದರು ನಿಮ್ಮ ಅಜ್ಜ, ನನಗೆ ಮೆಲ್ಲಗೆ.

ಹಗ್ಗದ ಮೇಲೆ ಒಣಗುತ್ತಿದ್ದ ತೂತಿನ ಧೋತರವನ್ನು ಮಾವ ನೋಡಿಯೇ ಬಿಟ್ಟರು. "ಧೋತರ ಸುಟ್ಟದ್ದು ಛಲೋ ಆತು. ಸೀರಿ ಸುಟ್ಟಿದ್ದರ ನಾ ಮಾತಾಡತಿದ್ದಿಲ್ಲ, ಫಟಫಟಿಗೆ ಗಿರಾಕಿ ನೋಡತಿದ್ದೆ," ಎಂದು ಬಸದಿಗೆ ಹೊರಟುಹೋದರು.

ಸುತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನಿಮ್ಮ ಅಜ್ಜ ಕಟ್ಟೆಯ ಮೇಲೆ ಕುಳಿತು ಹಸಿಬೆಯ ತೂತಿನೊಳಗೆ ಬೆರಳು ಆಡಿಸುತ್ತಿದ್ದರು. ಅತ್ತೆಗೆ ಆಗಲೂ ಬುತ್ತಿಯದೇ ಚಿಂತೆ.

"ಬಲಗಡೆ ಇದ್ದ ರೊಟ್ಟಿ ಏನಾದುವೋ? ಅವೂ ಸುಟ್ಟುವೇನು?"

"ಇಲ್ಲವ್ವಾ. ಡಬ್ಬಿಯೊಳಗ ಇದ್ದುವಲ್ಲ, ಬೆಚ್ಚಗ ಇದ್ದುವು. ಹೆಸರಕಾಳ ಪಲ್ಯಾನೂ ಬಿಸಿ ಇತ್ತು. ಭಾಳ ದಿನದ ಮ್ಯಾಲೆ ದಾರ್ಯಾಗ ಬಿಸೀದು ಉಂಡೆ ನೋಡು."

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಾನು ಬಾಗಿಲ ಹಿಂದಿನಿಂದಲೇ, "ಹಂಗಾರ ಆ ಕಡೆ ಬುತ್ತೀನ ಇರ್ಲಿರೀ," ಎಂದೆ. ಇಷ್ಟು ಹೇಳಲು ನನಗೆ ಬೆವರು ಬಂದಿತ್ತು.

ಹಸಿಬೆಯ ಬಲಗಡೆಯ ಹೊಟ್ಟೆಯನ್ನು ಕತ್ತರಿಸಿ ತೆಗೆದೆವು. ಆ ಜಾಗಕ್ಕೆ ಎಣ್ಣೆಯ ತಗಡಿನ ಡಬ್ಬಿಯನ್ನು ಚಪ್ಪಟೆಯಾಗಿ ಮಾಡಿಸಿ, ನಳಿಕೆಗೆ ತಾಗದಂತೆ ಕಬ್ಬಿಣದ ಪಟ್ಟಿಗೆ ತೂಗುಹಾಕಿದರು. ಅದರಲ್ಲಿ ಬುತ್ತಿ, ಸೋಸಿದ ನೀರಿನ ತಂಬಿಗೆ, ನೀರು ಸೋಸುವ ಬಟ್ಟೆ. ಎಡಗಡೆಯ ಬಟ್ಟೆಯ ಹೊಟ್ಟೆಯಲ್ಲಿ ಸೀರೆಗಳು ಮಾತ್ರ. ನಟ್ಟು ಬಿಗಿಯುವ ಪಾನಾ, ಪಂಕ್ಚರಿನ ಸಾಮಾನು, ಎಣ್ಣೆಯ ಬುಡ್ಡಿ ಇಡಲು ಕೊಟ್ಟಿಗೆಯಿಂದ ಸಣ್ಣ ಚರ್ಮದ ಚೀಲ ಇಳಿದು ಬಂದು ಮುಂದಿನ ದೀಪದ ಕೆಳಗೆ ಕುಳಿತಿತು. ಅದನ್ನು ಹೊಸ್ತಿಲೊಳಗೆ ತರುವ ಕಾರಣವೇ ಇರಲಿಲ್ಲವಾದ್ದರಿಂದ ಅತ್ತೆಯೂ ಅಡ್ಡ ಬರಲಿಲ್ಲ.

ದೀಪಾವಳಿಯ ಸುತ್ತಿಗೆ ಅವರು ಹೊರಟಾಗ ಮೋಡ ಮುಚ್ಚಿತ್ತು. ಆಜರಾದ ಆಚೆ ಘಟ್ಟದಲ್ಲಿ ಮಳೆ ಇದ್ದೇ ಇರುತ್ತದೆಂದು ಎಲ್ಲರಿಗೂ ಗೊತ್ತು. ಸಂಜೆ ನಾವು ಉಣ್ಣಲು ಕುಳಿತಾಗ ಅತ್ತೆ ಕಿಟಕಿಯಿಂದ ಬಿಸಿಲು ನೋಡಿ, "ಈಗ ಉಂಡಿರತಾನ," ಎನ್ನುತ್ತಿದ್ದರು.

ತಿರುಗಿ ಬಂದ ದಿನ ಫಟಫಟಿಯ ಸದ್ದು ನೇಕಾರರ ಓಣಿಯ ತಿರುವಿನಿಂದಲೇ ಕೇಳಿತು. ಗಾಡಿಯೂ ಅವರೂ ಒಂದೇ ಬಣ್ಣ, ಬರೀ ಕೆಸರು. ಮಾವ ಪಡಸಾಲೆಯಲ್ಲಿ ಬಿಳಿ ಹಾಸು ಹಾಸಿಸಿ ತಾವೇ ಹಸಿಬೆ ಬಿಚ್ಚಿದರು. ಒಂದೊಂದೇ ಸೀರೆ ತೆಗೆದು ಮಡಿಕೆ ಬಿಡಿಸಿದರು, ಅಂಚಿನ ಮೇಲೆ ಅಂಗೈ ಆಡಿಸಿದರು, ಅಂಗೈ ತಿರುವಿ ನೋಡಿಕೊಂಡರು. ಮೂಗಿಗೂ ಹಿಡಿದರು. ಆಮೇಲೆ ಹಾಸನ್ನೂ ಝಾಡಿಸಿ ನೋಡಿದರು. ಏನೂ ಬೀಳಲಿಲ್ಲ.

"ಫಟಫಟಿ ಅಂಗಳದಾಗ ಯಾಕ ನಿಂದರಸಿ?" ಎಂದರು.

ನಿಮ್ಮ ಅಜ್ಜನ ಮುಖ ಸಣ್ಣದಾಯಿತು. "ಎಲ್ಲಿ ನಿಂದರಸ್ಲಿ ಅಪ್ಪಾ?"

"ಕೊಟ್ಟಿಗ್ಯಾಗ ನಿಂದರಸು. ಮಳಿ ಬಿಸಲಿಗೆ ಬಿಟ್ಟರ ರಬ್ಬರ ಹಾಳಾಗತೈತಿ. ಮುಂದಿನ ಸುತ್ತಿಗೆ ಬೇಕಲ್ಲ." ಎದ್ದು ನಿಂತು, ಬಾಗಿಲ ಕಡೆ ನೋಡದೆ ಅತ್ತೆಗೆ ಹೇಳಿದರು: "ಹಸಬಿ ಹೊಲದಾಕಿಗೆ ಹೇಳು, ನನಗೂ ಒಂದ ಹೊಲೀಲಿ. ನಾ ಎತ್ತಿನ ಗಾಡ್ಯಾಗ ಹೋಗಾಂವ, ಎರಡೂ ಹೊಟ್ಟಿ ಇರ್ಲಿ."

ನಿಮ್ಮ ಅಜ್ಜ ಕೈಕಾಲು ತೊಳೆದು ಬಂದರು. ಹೊತ್ತು ಇನ್ನೂ ಇತ್ತು. ತಗಡಿನ ಡಬ್ಬಿ ತೆಗೆದರೆ ಒಳಗೆ ಪಾಕ ತುಂಬಿತ್ತು. ಬರುವಾಗ ಬುತ್ತಿ ಖಾಲಿಯಾಗಿ ಆ ಕಡೆ ಹಗುರಾಯಿತೆಂದು, ತೂಕಕ್ಕೆ ನೂಲದ ನನ್ನ ತವರಿನಿಂದ ಬೆಲ್ಲ ಹಾಕಿಕೊಂಡು ಬಂದಿದ್ದರು. ನಳಿಕೆಯ ಬಿಸಿಗೆ ಅದು ಕರಗಿತ್ತು. ಅತ್ತೆ ಬಯ್ಯುತ್ತಲೇ ಸೌಟಿನಿಂದ ತೋಡಿದರು. ಅಂದು ಸೂರ್ಯ ಮುಳುಗುವುದರೊಳಗೆ ಎಲ್ಲರೂ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡೆವು.

ಆಮೇಲೆ ಮಹಾಯುದ್ಧ ಬಂತು, ಪೆಟ್ರೋಲು ಚೀಟಿಗೆ ಸಿಗುವುದೂ ಕಷ್ಟವಾಯಿತು. ಫಟಫಟಿ ಕೊಟ್ಟಿಗೆಯಲ್ಲೇ ಬಹಳ ಕಾಲ ನಿಂತು ಕೊನೆಗೆ ಮಾರಾಟವಾಯಿತು. ಆದರೆ ಅಷ್ಟರೊಳಗೆ ನಿಮ್ಮ ಅಜ್ಜನ ಹೊಟ್ಟೆಯ ಬೇನೆ ಹೋಗಿತ್ತು, ಅಂಗಿ ಮೈಗೆ ಸರಿಯಾಗಿ ಕೂರುತ್ತಿತ್ತು.

ಬಾಳೂ, ನಿನಗೆ ಯಾವ ಚೀಲ ಒಳ್ಳೆಯದೆಂದು ನಾನು ಹೇಳಲಾರೆ. ಈಗಿನ ಬಟ್ಟೆಯೂ ಬೇರೆ, ಗಾಡಿಯೂ ಬೇರೆ. ಕೊಳ್ಳುವ ಮೊದಲು ಗಾಡಿಯ ಸುತ್ತ ಒಂದು ಸಲ ತಿರುಗಿ, ಬಿಸಿ ಎಲ್ಲಿದೆ, ಎಣ್ಣೆ ಎಲ್ಲಿ ಸಿಡಿಯುತ್ತದೆ ನೋಡು. ಭಾರವಾದದ್ದು ಕೆಳಗಿರಲಿ. ಮೊದಲ ಸಲ ಹಳೆಯ ಬಟ್ಟೆ ತುಂಬಿಕೊಂಡು ಹೋಗು. ಮತ್ತು ಬುತ್ತಿಗೆ ಜಾಗ ಬಿಡು. ನೀವು ವಾದ ಮಾಡುವಾಗ ಅದೊಂದನ್ನು ಮೂವರೂ ಹೇಳಲಿಲ್ಲ.

ಒಂದೇ ಹೊಟ್ಟೆಯ ಆ ಹಸಿಬೆ ನನ್ನ ಕೋಣೆಯ ಗೂಟದ ಮೇಲೆ ಇದೆ. ಅಸ್ತರ ಇನ್ನೂ ಗಟ್ಟಿಯಾಗಿದೆ. ಓದಿ ಮುಗಿದ ಮೇಲೆ ಈ ಹಾಳೆಗಳನ್ನು ಮಡಚಿ ಅದರೊಳಗೆ ಇಡಿರಿ. ಧೂಳು ಹೋಗುವುದಿಲ್ಲ, ನೀರು ಇಳಿಯುವುದಿಲ್ಲ. ಒಲೆಯ ಹತ್ತಿರ ಮಾತ್ರ ತೂಗುಹಾಕಬೇಡಿರಿ.