ದೇಯಕ್ಕನ ಸ್ವರವೂ ಏವ್ರಿಲ್ ಬಾಯಿಯ ಹಡಗೂ

ಬಿಜೈ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೇಯಕ್ಕನ ಸ್ವರ ಗೊತ್ತಿಲ್ಲದವರು ಯಾರಾದರೂ ಇದ್ದರೆ ಅವರು ನಿನ್ನೆ ಮೊನ್ನೆ ಬಾಡಿಗೆಗೆ ಬಂದವರೇ ಇರಬೇಕು. ಅರ್ಧ ಆಯುಷ್ಯ ಕ್ಯಾಂಟೀನು ನಡೆಸಿದ ಹೆಂಗಸು. ಗಿರಾಕಿ ಬೆಂಚಿನಲ್ಲಿ ಕೂತು ಬಾಯಿ ತೆರೆಯುವ ಮೊದಲೇ ಇವರು ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಒಳಗೆ ಕೂಗಿ ಆಗಿರುತ್ತಿತ್ತು, ಬನ್ಸ್ ಎಣ್ಣೆಗೆ ಬಿದ್ದೂ ಆಗಿರುತ್ತಿತ್ತು. ಬಸ್ಸಿನ ಹಾರನ್ನು, ಗ್ರೈಂಡರು, ಎಣ್ಣೆಯ ಚುರ್ರು ಎಲ್ಲವನ್ನೂ ದಾಟಿ ಅಡುಗೆಯವನ ಕಿವಿ ಮುಟ್ಟಬೇಕಲ್ಲ, ಗಂಟಲು ಹಾಗೇ ಪಳಗಿಬಿಟ್ಟಿತು. ಪಿಸುಮಾತು ಎನ್ನುವುದನ್ನು ದೇವರು ಅವರಿಗೆ ಕೊಡಲೇ ಇಲ್ಲ.

ಕಳೆದ ವರ್ಷ ಮೊಣಕಾಲು ಕೈಕೊಟ್ಟಿತು. ಕ್ಯಾಂಟೀನು ಸೊಸೆ ಯಶ್ಮಿತಾಳ ಪಾಲಿಗೆ ಬಂತು. ಬಂತು ಎಂದರೆ ಹೆಸರಿಗೆ. ದೇಯಕ್ಕ ದಿನಾ ರಿಕ್ಷಾ ಮಾಡಿಕೊಂಡು ಹೋಗಿ, ಸಾಂಬಾರಿಗೆ ಉಪ್ಪಿಲ್ಲ, ಚಟ್ನಿಗೆ ಜೀವ ಇಲ್ಲ ಎಂದು ಗಿರಾಕಿಗಳ ಎದುರೇ ಸಾರಿ ಬರುತ್ತಿದ್ದರು. ಯಶ್ಮಿತಾ ಬುದ್ಧಿವಂತೆ. ಅತ್ತೆಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಒಂದು ಆಟ ಹಾಕಿ ಅವರ ಮುಂದೆ ಇಟ್ಟಳು.

"ಅತ್ತೆ, ಇದು ಕಡಲ್ಗಳ್ಳರ ಆಟ. ಅವರು ಒಗಟು ಕೇಳ್ತಾರೆ. ಈ ಮೈಕಿನ ಚಿತ್ರ ಒತ್ತಿ ಉತ್ತರ ಹೇಳ್ಬೇಕು. ಕನ್ನಡದಲ್ಲೇ ಉಂಟು."

"ನನಗೆ ಬೇರೆ ಕೆಲಸ ಇಲ್ವಾ?" ಎಂದು ದೇಯಕ್ಕ ಮುಖ ಸಿಂಡರಿಸಿದರು. ಆಟದ ಒಳಗೆ ಹರಕು ಟೊಪ್ಪಿಯ ಕಪ್ತಾನನೊಬ್ಬ ಹೊಟ್ಟೆ ಕೆರೆಯುತ್ತ ನಿಂತಿದ್ದ. "ಎಲೈ ಕಳ್ಳಿ! ಕಾವಲುಗಾರನ ಬಾಯಿ ಮುಚ್ಚಿಸಿ ಒಳಗೆ ನುಸುಳುವ ಉಪಾಯವೇನು?" ಎಂದು ಕೇಳಿದ. ಆಟ ಯಾವ ದೇಶದ್ದೋ, ಕನ್ನಡಕ್ಕೆ ತಂದವರು ಯಾರೋ, ಕಪ್ತಾನ ಮಾತ್ರ ಹಳೆಯ ನಾಟಕದ ರಾಜನ ಹಾಗೆ ಮಾತಾಡುತ್ತಿದ್ದ.

"ಹೊಟ್ಟೆಗೆ ಹಾಕು ಮಾರಾಯಾ, ಬಾಯಿ ತಾನೇ ಮುಚ್ತದೆ!" ಎಂದು ದೇಯಕ್ಕ ಅಬ್ಬರಿಸಿದರು.

"ಶಹಬ್ಬಾಸ್!" ಎಂದ ಕಪ್ತಾನ. ಬಾಗಿಲು ತೆರೆಯಿತು. ಅಷ್ಟೇ, ದೇಯಕ್ಕ ಆಟದ ಮರುಳಿಗೆ ಬಿದ್ದರು. ಸಾಂಬಾರಿನ ಉಪ್ಪು ಮರೆತೇಹೋಯಿತು.

ಈಗ ಏವ್ರಿಲ್ ಬಾಯಿಯ ವಿಷಯ ಹೇಳಬೇಕು. ಬಾಯಿ ಎಂದರೆ ಕೊಂಕಣಿಯವರು ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಒಂದೇ ಹೆಂಚಿನ ಮಾಡಿನ ಕೆಳಗೆ ಎರಡು ಬಿಡಾರ, ಆಚೆ ಬದಿಯದು ಅವರದು. ನಡುವಿನ ಗೋಡೆ ಮಾಡಿನ ತನಕ ಏರುವುದಿಲ್ಲ, ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು. ಏವ್ರಿಲ್ ಬಾಯಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವರು, ಮದುವೆ ಆದವರಲ್ಲ, ಮಾತು ತೀರಾ ಮೆತ್ತಗೆ. ಸಂಜೆಯ ಚಾ ಇಬ್ಬರಿಗೂ ಒಟ್ಟಿಗೇ. ಊರಿಗೆಲ್ಲ ಜೋರು ಮಾಡುವ ದೇಯಕ್ಕ ಗಂಡ ತೀರಿಕೊಂಡಾಗ ಅತ್ತದ್ದು ಇವರ ಹೆಗಲ ಮೇಲೆ. ಅಂಥವರು ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದೆಂದು ನಿಶ್ಚಯವಾಗಿತ್ತು. ಗಲ್ಫಿನಿಂದ ಬಂದ ತಂಗಿ ಪಣಂಬೂರಿನ ಆಚೆ ಫ್ಲಾಟು ತೆಗೆದುಕೊಂಡು ಅಕ್ಕನನ್ನು ಕರೆದಿದ್ದಳು. ದೇಯಕ್ಕನಿಗೆ ಇದು ಎದೆಯೊಳಗೆ ಚುಚ್ಚುತ್ತಿತ್ತು. ಹೊರಗೆ ಮಾತ್ರ, "ಲಿಫ್ಟ್ ಉಂಟಂತೆ, ಒಳ್ಳೇದಾಯ್ತು" ಎನ್ನುತ್ತಿದ್ದರು.

ಏವ್ರಿಲ್ ಬಾಯಿಯೂ ಯಶ್ಮಿತಾಳಿಗೆ ಹೇಳಿ ತಮ್ಮ ಕಂಪ್ಯೂಟರಿಗೆ ಅದೇ ಆಟ ಹಾಕಿಸಿಕೊಂಡರು. ಯಾರ ಹಡಗು ಮೊದಲು ನಿಧಿ ತರುತ್ತದೆ ನೋಡುವ ಎಂದು ಪಂಥವೂ ಆಯಿತು. ದೇಯಕ್ಕ ಸೊಂಟ ಕಟ್ಟಿ ಕೂತರು. ವಿಚಿತ್ರ ಏನೆಂದರೆ, ಇವರು ಎಷ್ಟೇ ಬೇಗ ಆಡಿದರೂ ಸಂಜೆ ಚಾಕ್ಕೆ ಕೂತಾಗ ಬಾಯಿಯ ಹಡಗು ಸರಿಯಾಗಿ ಇವರ ಹಡಗು ಇದ್ದಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಗುಟ್ಟು ರಟ್ಟಾಯಿತು. ಮದ್ದುಗುಂಡಿನ ಉಗ್ರಾಣ ಕಾಯುವ ಮಂಗನನ್ನು ಮರುಳುಮಾಡುವ ಒಗಟಿಗೆ ದೇಯಕ್ಕ, "ಬಾಳೆಹಣ್ಣು ಅಲ್ಲ ಮಾರಾಯಾ, ಕನ್ನಡಿ ತೋರಿಸು!" ಎಂದು ಕೂಗಿದರು. ಇವರ ಕಪ್ತಾನ ಶಹಬ್ಬಾಸ್ ಎಂದ. ಮರುಕ್ಷಣ ಗೋಡೆಯ ಆಚೆಯಿಂದ ಇನ್ನೊಬ್ಬ ಕಪ್ತಾನನೂ ಶಹಬ್ಬಾಸ್ ಎಂದ. ದೇಯಕ್ಕ ಮೊಣಕಾಲಿನ ನೋವನ್ನೂ ಮರೆತು ಕುರ್ಚಿ ಹತ್ತಿ ಗೋಡೆಯ ಮೇಲಿಂದ ಇಣುಕಿದರು. ಏವ್ರಿಲ್ ಬಾಯಿ ಕಂಪ್ಯೂಟರನ್ನು ಗೋಡೆಗೆ ಆನಿಸಿ, ಮೈಕು ತೆರೆದಿಟ್ಟು, ಆರಾಮವಾಗಿ ಕ್ರೋಶಾ ಹೆಣೆಯುತ್ತ ಕೂತಿದ್ದರು! ಈಕೆ ಕೂಗುವುದು, ಆಕೆಯ ಹಡಗು ಓಡುವುದು. ಎಂಥ ಬಿಟ್ಟಿ ಪ್ರಯಾಣ ನೋಡಿ.

ದೇಯಕ್ಕನ ಪಿತ್ತ ನೆತ್ತಿಗೇರಿತು. ಆದರೆ ಕೂಗಾಡಲಿಲ್ಲ, ಅದೇ ಆಶ್ಚರ್ಯ. ಮರುದಿನ ತಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು ಗೋಡೆಗೆ ಕಿವಿಯಿಟ್ಟು ಕಾದರು. ಆಚೆಯ ಕಪ್ತಾನ, "ಹಡಗಿನ ತಳದಲ್ಲಿ ತೂತು! ಏನು ಮಾಡಲಿ?" ಎಂದು ಕೇಳಿದ್ದೇ ತಡ, ಇವರು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು: "ದೊಡ್ಡ ಮಾಡು! ಇನ್ನೂ ದೊಡ್ಡ ಮಾಡು!"

ಏವ್ರಿಲ್ ಬಾಯಿಯ ಹಡಗು ಗುಳುಗುಳು ಎಂದು ಮುಳುಗಿತು. ಅವರು ಅಂಗಳಕ್ಕೆ ಬಂದರು. ಇಬ್ಬರೂ ದಿನಾ ಮಾತಾಡುವುದು ತುಳುವಿನಲ್ಲಿ. ಕನ್ನಡಕ್ಕೆ ಇಳಿದರೆಂದರೆ ಜಗಳ ಗಂಭೀರ ಎಂದು ಓಣಿಗೇ ಗೊತ್ತು.

"ದೇಯಕ್ಕ, ನೀವು ಬೇಕಂತಲೇ ಮುಳುಗಿಸಿದ್ದಲ್ವಾ?"

"ನನ್ನ ಮನೆ, ನನ್ನ ಸ್ವರ. ನಿಮ್ಮ ಹಡಗಿಗೆ ನನ್ನ ಗಂಟಲು ಎಂತಕ್ಕೆ?"

"ನಾನು ಹೇಳಿದ್ದು ಅದಕ್ಕೆ ಕೇಳುವುದೇ ಇಲ್ಲ. ಗಟ್ಟಿಯಾಗಿ ಹೇಳಿ, ಗಟ್ಟಿಯಾಗಿ ಹೇಳಿ ಅಂತದೆ. ನಾನೆಂತ ಮಾಡ್ಲಿ?"

"ಹಾಗಂತ ಕದಿಯುದಾ? ನಾಚಿಕೆ ಆಗ್ಬೇಕು!"

"ಕಡಲ್ಗಳ್ಳರ ಆಟ ಅಲ್ವಾ? ಕದಿಯದೆ ಮತ್ತೆಂತ, ಜಪ ಮಾಡುದಾ?"

ದೇಯಕ್ಕ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡರು. ಮಾತು ನಿಂತಿತು, ಚಾ ನಿಂತಿತು. ತಿಂಗಳು ಮುಗಿಯುತ್ತ ಬಂತು. ಗೋಡೆಯಾಚೆ ಪೆಟ್ಟಿಗೆ ಕಟ್ಟುವ ಸದ್ದು ಕೇಳಿದಾಗೆಲ್ಲ ದೇಯಕ್ಕ ಎದ್ದು ಬಾಗಿಲ ತನಕ ಹೋಗಿ ವಾಪಸು ಬರುತ್ತಿದ್ದರು. ಹೀಗೆ ಮುನಿಸಿಕೊಂಡೇ ಆ ಹೆಂಗಸು ಹೊರಟುಹೋದರೆ ಈ ಜನ್ಮಕ್ಕೆ ಮತ್ತೆ ಮಾತಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಲ ಬಾಗಿಲು ತಟ್ಟಿದರೆ ಸಾಕು. ಆದರೆ ಕೊಬ್ಬು ಬಿಡಬೇಕಲ್ಲ!

ಬೇಸರ ಕಳೆಯಲು ಆಟವನ್ನೇ ಆಡಿದರು, ನಿಧಿಯೂ ಸಿಕ್ಕಿತು. ದ್ವೀಪದಿಂದ ಹೊರಡಬೇಕೆಂದರೆ ಲಂಗರಿನ ಮೇಲೆ ಒಂದು ಗಿಳಿ. "ಹೊರಡುವವರು ಹೇಳುವ ಮಾತನ್ನು ಹೇಳು, ಲಂಗರು ಬಿಡುವೆ" ಎಂದಿತು.

ಇದೂ ಒಂದು ಒಗಟಾ ಎಂದು ದೇಯಕ್ಕ ನಕ್ಕರು. "ಬರ್ತೇನೆ!"

"ತಪ್ಪು" ಎಂದಿತು ಗಿಳಿ. "ನೀನು ಹೊರಡುತ್ತಿರುವೆ, ಬರುತ್ತಿಲ್ಲ."

ಯಶ್ಮಿತಾ ಮೊಬೈಲಿನಲ್ಲಿ ಹುಡುಕಿ ನೋಡಿದಳು. "ಅತ್ತೆ, 'ಹೋಗ್ತೇನೆ' ಅಂತ ಹೇಳ್ಬೇಕಂತೆ."

"ಛೀ, ಬಿಡ್ತು ಅನ್ನು! ಹೊರಡುವಾಗ ಯಾರಾದ್ರೂ ಆ ಮಾತು ಹೇಳ್ತಾರಾ?"

ಸರಿಯೇ ಅಲ್ಲವೇ? ತುಳುವಿನವರು ಬರ್ಪೆ ಎನ್ನುತ್ತಾರೆ, ಕೊಂಕಣಿಯವರು ಯೆತಾಂ ಎನ್ನುತ್ತಾರೆ, ಎರಡಕ್ಕೂ ಅರ್ಥ ಬರುತ್ತೇನೆ ಎಂದೇ. ಹೋಗುತ್ತೇನೆ ಎಂದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು. ಗಿಳಿಗೆ ಇದೆಲ್ಲ ಎಲ್ಲಿಂದ ಗೊತ್ತು? ದೇಯಕ್ಕ ಹಟ ಬಿಡಲಿಲ್ಲ, ಹಡಗು ನಿಂತಲ್ಲೇ ನಿಂತಿತು. ಆ ಸಂಜೆ ಗೋಡೆಯ ಆಚೆಯಿಂದ ಮೆತ್ತಗಿನ ಸ್ವರವೊಂದು ಕೇಳಿಸಿತು: "ಬರ್ತೇನೆ... ಬರ್ತೇನೆ..." ಮುಳುಗಿದ ಹಡಗನ್ನು ಬಾಯಿ ಮತ್ತೆ ಕಟ್ಟಿಕೊಂಡು, ಮೈಕಿಗೆ ತುಟಿ ತಾಗಿಸಿ ಹೇಳಿ ಹೇಳಿ, ಒಬ್ಬರೇ ಅಲ್ಲಿಯ ತನಕ ಬಂದಿದ್ದರು. ಗಿಳಿ ಅವರಿಗೂ ತಪ್ಪು ಎಂದಿತು. ದೇಯಕ್ಕನಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಅನ್ಸಾರನ ಟೆಂಪೋ ಬಂತು. ಮಂಚ, ಕಪಾಟು, ಕಂಪ್ಯೂಟರು ಎಲ್ಲ ಏರಿದವು. ಏವ್ರಿಲ್ ಬಾಯಿ ಬೀಗ ಹಾಕಿ ಡ್ರೈವರ್ ಅನ್ಸಾರನ ಪಕ್ಕ ಹತ್ತಿ ಕೂತರು. ಮೆಟ್ಟಿಲಲ್ಲಿ ನಿಂತ ದೇಯಕ್ಕನ ಕಡೆ ನೋಡಲಿಲ್ಲ. ಎದುರಿನ ಗಾಜನ್ನೇ ನೋಡುತ್ತ, ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ಗಟ್ಟಿಯಾಗಿ ಹೇಳಿದರು.

"ಹೋಗ್ತೇನೆ."

ದೇಯಕ್ಕ ಅಬ್ಬರಿಸಿದರು: "ಅನ್ಸಾರಾ, ಬಂದ್ ಮಾಡಾ ಟೆಂಪೋ!"

ಅನ್ಸಾರ್ ಹೆದರಿ ಕೀಲಿಯನ್ನೇ ಕಿತ್ತು ಕೈಯಲ್ಲಿ ಹಿಡಿದ. ದೇಯಕ್ಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಟೆಂಪೋದ ಮುಂದೆ ಅಡ್ಡ ನಿಂತರು.

"ಎಂತ ಮಾತು ಅದು? ಆ ಗಿಳಿಗೂ ನಾನು ಹಾಗೆ ಹೇಳ್ಲಿಲ್ಲ!"

"ನಾನೂ ಹೇಳ್ಲಿಲ್ಲ. ಗಿಳಿ ನನ್ನ ಹಡಗು ಮುಳುಗಿಸ್ಲಿಲ್ಲ, ದೇಯಕ್ಕ. ನೀವು ಮುಳುಗಿಸಿದ್ದು."

"ಮುಳುಗಿಸಿದ್ದು ಹೌದು. ತಪ್ಪಾಯ್ತು. ಊರಿಗೆ ಕೇಳುವ ಹಾಗೆ ಹೇಳ್ತಾ ಇದ್ದೇನೆ, ತಪ್ಪಾಯ್ತು! ಈಗ ನೀವು ಸರಿಯಾಗಿ ಹೇಳಿ. ಇಲ್ಲದಿದ್ರೆ ಅನ್ಸಾರ್ ನನ್ನ ಕಾಲ ಮೇಲೆಯೇ ಬಿಡ್ಲಿ, ಹೇಗೂ ಕೆಟ್ಟ ಕಾಲು."

"ನನ್ನನ್ನು ಎಂತಕ್ಕೆ ಎಳೀತೀರಿ ಮಾರಾಯ್ರೇ?" ಎಂದ ಅನ್ಸಾರ್.

ಏವ್ರಿಲ್ ಬಾಯಿಯ ತುಟಿ ಅಲ್ಲಾಡಿತು.

"ಕೇಳ್ಲಿಲ್ಲ" ಎಂದರು ದೇಯಕ್ಕ.

"ಬರ್ತೇನೆ!" ಎಂದು ಬಾಯಿ ಕಿರುಚಿದರು, ಕಿರುಚಿ ಅತ್ತರು.

"ಹಾಂ, ಬನ್ನಿ" ಎಂದರು ದೇಯಕ್ಕ, ಹೊರಟವರಿಗೆ ಎಲ್ಲರೂ ಹೇಳುವ ಹಾಗೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಅನ್ಸಾರ್ ಕೀಲಿ ತಿರುಗಿಸಿದ. ಅಷ್ಟರಲ್ಲಿ ಏವ್ರಿಲ್ ಬಾಯಿ ಬಾಗಿಲು ತೆಗೆದು ಕೆಳಗೆ ಇಳಿದೇಬಿಟ್ಟರು.

"ಈಗ ಎಲ್ಲಿಗೆ?" ಎಂದು ದೇಯಕ್ಕ ಗಾಬರಿಯಾದರು.

"ನೀವೇ ಬನ್ನಿ ಅಂದದ್ದಲ್ವಾ?" ಎನ್ನುತ್ತ ಬಾಯಿ ಕಣ್ಣೊರೆಸಿಕೊಂಡು ಸೀದಾ ದೇಯಕ್ಕನ ಅಡುಗೆಮನೆಗೆ ನಡೆದರು. "ಚಾಕ್ಕೆ ಇಡಿ."