ಸುಬೇದಾರ ರುದ್ರಗೌಡರ ಸವಣೂರು ಯುದ್ಧ

ತಡಸದ ಸುಬೇದಾರ ರುದ್ರಗೌಡರು ಆಫ್ರಿಕಾದ ಮರಳುಗಾಡಿನಲ್ಲಿ ಮೂರು ಮೈಲಿ ಆಚೆಯ ವೈರಿಯನ್ನು ದುರ್ಬೀನಿನಲ್ಲೇ ಗುರುತಿಸಿ ಪದಕ ಗಳಿಸಿದವರು. ನಲವತ್ತೆರಡರ ಚಳವಳಿಯಲ್ಲಿ, ಯಲವಿಗಿ ಹತ್ತಿರ ಟೆಲಿಗ್ರಾಫ್ ತಂತಿ ಕಡಿದು ಪೊಲೀಸರ ಬಂದೂಕು ಕಸಿದುಕೊಂಡ ಬಂಡಾಯಗಾರರನ್ನು ಹಿಡಿಯಲು ಸರಕಾರ ಅವರನ್ನು ಮೂವತ್ತು ಸಿಪಾಯಿಗಳೊಡನೆ ಸವಣೂರಿಗೆ ಕಳಿಸಿತು. ಇಲ್ಲಿ ದುರ್ಬೀನಿಗೆ ಎದುರುಮನೆಯವರು ಒಣಹಾಕಿದ ಸೀರೆಯಷ್ಟೇ ಕಾಣುತ್ತಿತ್ತು. ಫೌಜು ನಾಲ್ಕು ನಾಲ್ಕು ಜನರ ಸಾಲಿನಲ್ಲೇ ನಡೆಯಬೇಕೆಂಬುದು ಅವರ ನೇಮ. ಓಣಿಯಲ್ಲಿ ಒಂದು ಎಮ್ಮೆ ಎದುರಾದರೆ ಇಡೀ ಫೌಜು ಹಿಂದಕ್ಕೆ ಸರಿಯುತ್ತಿತ್ತು. ಅವರು ಮುಂಬಾಗಿಲು ತಟ್ಟುವಷ್ಟರಲ್ಲಿ ಬಂಡಾಯಗಾರರು ಹಿತ್ತಲಿನಿಂದ ಮುಂದಿನ ಓಣಿ ಸೇರುತ್ತಿದ್ದರು. "ವೈರಿ ಪೋಷಾಕು ಹೆಂಗಿರತೈತಿ?" ಎಂದು ಸುಬೇದಾರರು ಮನೆಮನೆಯಲ್ಲೂ ಕೇಳುವರು. "ಧೋತರ, ಟೊಪಗಿ ರೀ," ಎಂದಳು ಮುದುಕಿ ಹಾಲವ್ವ. ಅಂದು ಇಡೀ ಪೇಟೆಯನ್ನೇ ಕೈದು ಮಾಡಿದರು. ನಿಲ್ಲಿಸಲು ಜಾಗವಿಲ್ಲದೆ ಸಂಜೆಗೆ ಬಿಟ್ಟರು. ಮರುದಿನ ಮಧ್ಯಾಹ್ನ ಹಾಲವ್ವನ ಮನೆಯನ್ನು ಹುಡುಕುವಾಗ ಜೋಳದ ಕಣಜ ಜೋರಾಗಿ ಸೀನಿತು. ಒಳಗೆ ಅಡಗಿದ್ದ ಬಂಡಾಯಗಾರ ಸಿಕ್ಕರೆ ಗಲ್ಲೇ ಗತಿ. ಸುಬೇದಾರರ ಬಾಯಿಂದ ಮಾತ್ರ, ಊರ ಹಿರಿಯರ ರೂಢಿಯಂತೆ, "ನೂರು ವರ್ಷ ಬಾಳಪಾ" ಎಂದು ಬಂದುಬಿಟ್ಟಿತು. ಸಿಪಾಯಿಗಳು ಬಂದೂಕು ಎತ್ತಿದರು. "ಯಾರು ಸೀನಿದ್ರು, ಸಾಹೇಬ್ರ?" ಎಂದ ಹವಾಲ್ದಾರ. ರುದ್ರಗೌಡರು ಬಹಳ ಹೊತ್ತು ಕಣಜವನ್ನೇ ನೋಡಿದರು. ಆಮೇಲೆ ಮೀಸೆ ಒರೆಸಿಕೊಂಡು, "ನಾನಽ ಸೀನಿದ್ದು," ಎಂದರು. "ನನಗ ನಾನಽ ಹರಸಿಕೊಂಡೆ. ನಡೀರಿ, ಈ ಮನ್ಯಾಗ ಯಾರೂ ಇಲ್ಲ."